ಇಕ್ಕು, ಇದ್ದಡ, ಇದ್ದು

‘ಲಾಸ್ಟ್’ ಹೇಳ ಅಮೇರಿಕದ ಧಾರಾವಾಹಿ ಸುದ್ದಿ ತೆಗದ್ರೆ ಸಾಕು, ಪೂರ್ತಿ ನೋಡ್ದೇ ಇದ್ದವೂ ಒಂದು ಮಾತು ಹೇಳೇ ಹೇಳ್ತ. “ಅದಾ? ಅದ್ರಲ್ಲಿ ಎಲ್ಲಾರೂ ಮೊದ್ಲನೇ ದಿನವೇ ಸತ್ತೋಗಿದ್ವಡ, ಅಲ್ದ?”

ಅಲ್ಲ. ಸತ್ತಿದ್ವಿಲ್ಲೆ. ಆರಕ್ಕೆ ಆರೂ ಸೀಸನ್ನು, ನೂರಿಪ್ಪತ್ತರ ಹತ್ರ ಕಂತು, ಅತ್ತೆ ಸಂತಿಗೆ ಕೂತ್ಕಂಡು ನೋಡಿದ್ದಿ. ಹಂಗಾಗಿ ಈ ವಿಷ್ಯದಲ್ಲಿ ಬಾಯಿ ಹಾಕಲೆ ಯಂಗೆ ಸ್ವಲ್ಪ ಹಕ್ಕಿದ್ದು ಹೇಳಿ ತಿಳ್ಕಂಡಿದ್ದಿ. ಮುಂದೆ ಯಾವಾಗಾದ್ರೂ ನೋಡವು ಹೇಳಿ ಇಪ್ಪವು ಇಲ್ಲಿಗೇ ಓದದು ನಿಲ್ಸಿಬಿಡಿ. ಕಡೀಗೆ ಎಂತ ಆತು ಹೇಳದನ್ನೂ ಆನು ಹೇಳಿಬಿಡ್ತಿ.

ಗೊತ್ತಿಲ್ಲದ್ದವಕ್ಕೆ ಕಥೆ ಸಣ್ಣಕ್ಕೆ ಹೇಳ್ತಿ. ಸಿಡ್ನಿಯಿಂದ ಲಾಸ್ ಏಂಜಲೀಸಿಗೆ ಹೊರಟ ಓಷಿಯಾನಿಕ್ 815 ಹೇಳ ವಿಮಾನ ದಾರಿ ತಪ್ಪಿ, ನಡು ಸಮುದ್ರದ ಒಂದು ದ್ವೀಪದಲ್ಲಿ ತುಂಡಾಗಿ ಬೀಳ್ತು. ಬದುಕಿ ಉಳದವು ಐವತ್ತು ಜನದ ಆಸುಪಾಸು. ದ್ವೀಪದಲ್ಲಿ ನೋಡಿರೆ ಕರೀ ಹೊಗೆ ರೂಪದ ಒಂದು ಭೂತ, ಸೆಕೆ ಕಾಡಲ್ಲಿ ಹಿಮಕರಡಿ, ನೆಲದಲ್ಲಿ ಹುಗಿದ ಕಬ್ಬಿಣದ ಬಾಗ್ಲು, ಅದರ ಅಡಿಗೆ ಒಬ್ಬ ಮನುಷ್ಯ 108 ನಿಮಿಷಕ್ಕೆ ಒಂದು ಸಲ ಒಂದು ಗುಂಡಿ ಒತ್ತ್ತಾ ಕೂತಿದ್ದ. ಎಂತಕ್ಕೆ ಒತ್ತವು ಹೇಳಿ ಅಂವಂಗೂ ಸಮಾ ಗೊತ್ತಿಲ್ಲೆ. 2004ರ ಸಪ್ಟೆಂಬರಲ್ಲಿ ಎಬಿಸಿ ಚಾನೆಲ್ಲಲ್ಲಿ ಶುರುವಾಗಿ 2010ರ ಮೇ 23ಕ್ಕೆ ಮುಗತ್ತು. ಚಿತ್ರೀಕರಣ ಆಗಿದ್ದು ಹವಾಯಿಯ ಓವಾಹು ದ್ವೀಪದಲ್ಲಿ. ಅತ್ತೆ ತಲೇಲಿ ಮಾತ್ರ ಅದು ಮುರ್ಡೇಶ್ವರದ ದಂಡೆಯಿಂದ ಮಸುಕು ಮಸುಕಾಗಿ ಕಾಂಬ ನೇತ್ರಾಣಿ. ಅದು ಕಂಡ ದ್ವೀಪ ಅದೊಂದೇ.

ಆ ಆರು ವರ್ಷ ಜಗತ್ತಿನ ಜನ ಎಲ್ಲ ‘ಇದು ಹಿಂಗಿಕ್ಕು, ಅದು ಹಂಗಿಕ್ಕು’ ಹೇಳಿ ತಲೆ ಕೆಡಿಸ್ಕಂಡಿದ್ದ. ಅದ್ಕೆ ಥಿಯರಿ ಹೇಳ್ತ. ಯಮ್ಮನೆಗೆ ಆ ರೋಗ ಬಂದಿದ್ದು ಹತ್ತು ವರ್ಷ ತಡವಾಗಿ, 2020ರಲ್ಲಿ, ಲಾಕ್‌ಡೌನಿಗೆ ಬೆಂಗ್ಳೂರಿಂದ ಮಗ ಮನೆಗೆ ಬಂದಾಗ. ಎಕ್ಕಂಬಿ ಬದಿ ಮನೆ ಒಳಗೆ ನೆಟ್ವರ್ಕ್ ಸಿಕ್ತಿಲ್ಲೆ. ಅಂವ ಕೆಲ್ಸಕ್ಕೆ ಹೇಳಿ ಗುಡ್ಡದ ಮೇಲೆ ಪ್ಲಾಸ್ಟಿಕ್ ಹೊದಿಕೆ ಕಟ್ಟಿಕಂಡು ಕೂರ್ತಿದ್ದ. ಸಂಜೆ ಇಳಿದು ಬಪ್ಪಕಾರೆ ನಾಲ್ಕೈದು ಕಂತು ಇಳ್ಸಿಕಂಡು ಬತ್ತಿದ್ದ. ಹಲಸಿನ ಹಪ್ಪಳದ ಗಡಿಬಿಡಿ ಮುಗದು ಮಳೆ ಹಿಡದ ಮೇಲೆ, ರಾತ್ರಿ ಊಟ ಆದ್ಮೇಲೆ, ಒಳ ಜಗಲಿಲಿ ಲ್ಯಾಪ್ಟಾಪ್ ಇಟ್ಕಂಡು ಎಲ್ಲಾರೂ ಕೂರದು. ಅತ್ತೆಗೆ ಇಂಗ್ಲಿಷ್ ಬತ್ತಿಲ್ಲೆ. ಮಗ ನಿಲ್ಸಿ ನಿಲ್ಸಿ ಯಂಗಳ ಮಾತಲ್ಲೇ ಹೇಳ್ತಿದ್ದ. ಹಂಗಾಗಿ ಲಾಕ್ ಹೇಳವ ‘ಬೋಳುಮಂಡೆ’ ಆದ, ಹರ್ಲಿ ‘ದೊಡ್ಡ ಮಾಣಿ’ ಆದ, ಜಾಕ್ ಮಾತ್ರ ‘ಡಾಕ್ಟ್ರು’.

ಮಳೆಗಾಲ ಹೇಳಿರೆ ಕರೆಂಟಿನ ಕಥೆ ಗೊತ್ತಿದ್ದಲಿ. ಒಂದು ಕಂತು ಅರ್ಧಕ್ಕೆ ನಿಂತ್ರೆ ಕೆಲವು ಸಲ ಮೂರು ದಿನ ಹಂಗೇ. ಥಿಯರಿ ಹುಟ್ಟದು ಆಗಲೇಯ. ದೀಪ ಹಚ್ಕಂಡು, ಕವಳ ಹಾಕ್ಯಂಡು, ಒಬ್ಬೊಬ್ಬರದ್ದೂ ಒಂದೊಂದು.

ಇವು ಸಂಖ್ಯೆ ಹಿಡ್ಕಂಡ. ಕಥೆಲಿ 4, 8, 15, 16, 23, 42 ಹೇಳ ಆರು ಸಂಖ್ಯೆ ಮತ್ತೆ ಮತ್ತೆ ಬತ್ತು, ದೊಡ್ಡ ಮಾಣಿ ಅದೇ ಸಂಖ್ಯೆಲಿ ಲಾಟರಿ ಗೆದ್ದು ಹಾಳಾಗಿದ್ದ. ಇವು ಹಳೇ ಕ್ಯಾಲೆಂಡರಿನ ಹಿಂದೆ ಬರ್ಕಂಡು ಕೂಡಿಸ್ದ. 108! ಜಪದ ಸರದ ಮಣಿ 108, ಗುಂಡಿ ಒತ್ತದು 108 ನಿಮಿಷಕ್ಕೆ, ದ್ವೀಪದಲ್ಲಿ ಪ್ರಯೋಗ ಮಾಡ್ತಿದ್ದ ಸಂಸ್ಥೆ ಹೆಸರು ‘ಧರ್ಮ’, ಅವರ ಸಿನೆಮಾದಲ್ಲಿ ಬಪ್ಪ ವಿಜ್ಞಾನಿ ಕೈ ಮುಗದು ‘ನಮಸ್ತೆ’ ಹೇಳ್ತ. “ಎಲ್ಲ ಯಂಗಳದ್ದೇ, ಪುರಾಣದಿಂದ್ಲೇ ಎತ್ತಿದ್ದು!” ಹೇಳಿ ಇವು ಎರಡು ದಿನ ನೆಲದ ಮೇಲೆ ಇದ್ದಿದ್ವಿಲ್ಲೆ. ಆಚೆಮನೆ ಭಾವ ಅಂಗಳದ ಆಚೆಯಿಂದ್ಲೇ, ಮಾಸ್ಕ್ ಹಾಕ್ಯಂಡು, ಅವಂದೊಂದು ಕೂಗಿ ಹೇಳ್ದ: “ಅದು ಪ್ರೇತಲೋಕ ಮಾರಾಯ್ರೆ. ವೈತರಣಿ ದಾಟಲೆ ಆಗ್ದೇ ಇದ್ದವು ಅವು.” ಮಗಂದು ಅಯಸ್ಕಾಂತ, ಕಾಲ ಹಿಂದೆ ಮುಂದೆ ಆಪ್ಪದು. ಯನ್ನದು ಚೌಡಿ. ಯಂಗಳ ಬದಿ ತ್ವಾಟದ ತಲೆಗೊಂದು ಚೌಡಿ ಕಲ್ಲು ಇದ್ದೇ ಇರ್ತಲಿ, ಜಾಗ ಕಾಯಲೆ. ಮೂರನೇ ಸೀಸನಲ್ಲೇ ಹೇಳಿದ್ದಿ: “ಈ ಜಾಗಕ್ಕೊಂದು ಕಾಯದು ಇಕ್ಕು. ಅದ್ಕೆ ವಯಸ್ಸಾಜು. ಬದ್ಲಿಗೆ ಒಬ್ಬ ಬೇಕಾಗಿ ಇವನ್ನೆಲ್ಲ ಕರಸ್ಕಂಡಿದ್ದು ಇಕ್ಕು.” ಆರನೇ ಸೀಸನಲ್ಲಿ ಜೇಕಬ್ ಹೇಳವ ಬಂದು ಹೇಳಿದ್ದು ಇದನ್ನೇಯ. ಆ ಆರು ಸಂಖ್ಯೆಯೂ ಹಂಗೆ ಕರಸ್ಕಂಡವರ ಹೆಸರಿನ ಮುಂದೆ ಬರದ ನಂಬ್ರ, ಬೋಳುಮಂಡೆಗೆ 4, ದೊಡ್ಡ ಮಾಣಿಗೆ 8, ಡಾಕ್ಟ್ರಿಗೆ 23. ಅವತ್ತು ಆನು ಒಂದು ಬೆಲ್ಲದ ತುಂಡು ಜಾಸ್ತಿ ಬಾಯಿಗೆ ಹಾಕ್ಯಂಡಿ.

“ಆಯಿ, ನಿಂದೂ ಅಪ್ಪಯ್ಯಂದೂ ಒಂದೇ ಅಲ್ದ? ಇಬ್ರೂ ನಿಂಗಳದ್ದನ್ನೇ ಅದ್ರೊಳಗೆ ಹುಡ್ಕಿದ್ದಿ” ಹೇಳಿ ಮಗ ಕೇಳ್ದ. ಒಂದಲ್ಲ. ಜಾಗ ಕಾಯದು ಒಂದಿಕ್ಕು ಹೇಳಿ ಆನು ಹೇಳಿದ್ರೆ, ಅದು ಸುಳ್ಳಾಪ್ಪಲೆ ಅವಕಾಶ ಇದ್ದು. ಕಡೇವರೆಗೂ ಕಾಯದು ಬರ್ದೇ ಇದ್ರೆ ಆನು ಬಾಯಿ ಮುಚ್ಚವು. ‘ಎಲ್ಲ ಯಂಗಳದ್ದೇ’ ಹೇಳದು ಯಾವತ್ತೂ ಸುಳ್ಳಾಗ್ತಿಲ್ಲೆ. ಎಂತ ಬಂದ್ರೂ ಅದ್ರೊಳಗೆ ಹಿಡಿಸ್ತು. ಸೋಲಲೆ ಜಾಗ ಇಲ್ದೇ ಇದ್ದ ಅಂದಾಜು ಅಂದಾಜೇ ಅಲ್ಲ ಹೇಳದು ಯನ್ನ ಅಭಿಪ್ರಾಯ. (ಇದನ್ನ ಓದಿದ ಮೇಲೆ ಇವು ಎಂತ ಹೇಳ್ತ್ವೋ ಗೊತ್ತಿಲ್ಲೆ.)

ಈಗ ‘ಎಲ್ಲಾರೂ ಮೊದ್ಲೇ ಸತ್ತಿದ್ವಡ’ ಹೇಳದ್ಕೆ ಬಪ್ಪನ.

ಯಂಗಳ ಹವಿಗನ್ನಡದಲ್ಲಿ ಒಂದು ಚೊಲೊ ವ್ಯವಸ್ಥೆ ಇದ್ದು. ಆನೇ ಕಂಡಿದ್ರೆ ‘ಇದ್ದು’. ಬೇರೆಯವು ಹೇಳಿದ್ದು ಕೇಳಿದ್ರೆ ‘ಇದ್ದಡ’. ಕಂಡಿದ್ದೂ ಅಲ್ಲ, ಕೇಳಿದ್ದೂ ಅಲ್ಲ, ಯನ್ನ ತಲೆಯಿಂದ ಅಂದಾಜು ಮಾಡಿದ್ರೆ ‘ಇಕ್ಕು’. ‘ಪೇಟೆಲಿ ಅಡಕೆಗೆ ರೇಟು ಇದ್ದು’, ‘ರೇಟು ಇದ್ದಡ’, ‘ರೇಟು ಇಕ್ಕು’ — ಈ ಮೂರನ್ನ ಒಂದೇ ಹೇಳಿ ತಿಳ್ಕಂಡು ಮೂಟೆ ಕಟ್ಟಿ ಹೊರಟವ ಉಳಿತ್ನಿಲ್ಲೆ. ಪುಸ್ತಕದ ಕನ್ನಡದಲ್ಲಿ ಈ ‘ಅಡ’ಕ್ಕೆ ‘ಅಂತೆ’ ಇದ್ದು, ಆದ್ರೆ ಜನ ಅದನ್ನ ತಮಾಷೆಗೆ ಬಳಸದೇ ಜಾಸ್ತಿ. ಯಂಗಳಲ್ಲಿ ಅದು ಮಾತಿನ ಲೆಕ್ಕಪತ್ರ. ಯಾರು ಹೇಳಿದ್ದು, ಯಾರು ಜವಾಬ್ದಾರಿ ಹೇಳದು ಆ ಒಂದಕ್ಷರದಲ್ಲಿ ಇರ್ತು.

ಥಿಯರಿಗಳ ದೊಡ್ಡ ತೊಂದ್ರೆ ಎಂತು ಹೇಳಿರೆ, ಅವು ‘ಇಕ್ಕು’ ಹೇಳಿ ಹುಟ್ತ, ‘ಅಡ’ ಹೇಳಿ ನಡಿತ, ‘ಇದ್ದು’ ಹೇಳಿ ಕೂತ್ಬಿಡ್ತ. ದ್ವೀಪ ಹೇಳದು ಸತ್ತವರ ಲೋಕ ಇಕ್ಕು ಹೇಳಿ ಮೊದಲನೇ ವರ್ಷವೇ ಜನ ಅಂದಾಜು ಮಾಡಿದ್ದ. ಕಥೆ ನಡೆಸ್ತಿದ್ದ ಡೇಮನ್ ಲಿಂಡೆಲಾಫ್, ಕಾರ್ಲ್ಟನ್ ಕ್ಯೂಸ್ ಇಬ್ರೂ ಆಗ್ಲೇ ಅದು ಅಲ್ಲ ಹೇಳಿದ್ದ. ಕಡೇ ಸೀಸನಲ್ಲಿ ಅವು ಮಾಡಿದ್ದು ಎಂತು ಹೇಳಿರೆ, ದ್ವೀಪದ ಕಥೆಗೆ ಸಮಾಂತರವಾಗಿ ವಿಮಾನ ಬೀಳ್ದೇ ಇದ್ದ ಒಂದು ಬದುಕನ್ನ ತೋರ್ಸ್ಯೋತ ಹೋದ. ಅದು ಮಾತ್ರ ಸತ್ತ ಮೇಲಿನ ಜಾಗ. ದ್ವೀಪ ಅಲ್ಲ. ಡಾಕ್ಟ್ರಿನ ತೀರಿಹೋದ ಅಪ್ಪಯ್ಯ ಕಡೇ ದೃಶ್ಯದಲ್ಲಿ ಬಂದು ಬಿಡಿಸಿ ಹೇಳ್ತ: ನಿಂಗೆ ಆಗಿದ್ದೆಲ್ಲ ನಿಜವಾಗಿಯೇ ಆಗಿದ್ದು, ಎಲ್ಲಾರೂ ಒಂದಲ್ಲ ಒಂದು ದಿನ ಸಾಯವು, ಇಲ್ಲಿದ್ದವರಲ್ಲಿ ಕೆಲವು ನಿನಗಿಂತ ಮುಂಚೆ, ಕೆಲವು ಎಷ್ಟೋ ವರ್ಷ ಆದ್ಮೇಲೆ. ಇಷ್ಟು ಬಿಡಿಸಿ ಹೇಳಿದ್ರೂ ಜನ ಒಪ್ಪಿದ್ವಿಲ್ಲೆ. ಎಂತಕ್ಕೆ ಹೇಳಿರೆ, ಕಥೆ ಮುಗದು ಹೆಸರು ಹೋಪಕಾರೆ ಖಾಲಿ ದಂಡೆ ಮೇಲೆ ವಿಮಾನದ ಚೂರು ಬಿದ್ದುಕಂಡಿಪ್ಪ ಚಿತ್ರ ತೋರ್ಸಿದ್ದ. ಅದು ಕಥೆ ಬರದವು ಹಾಕಿದ್ದಲ್ಲ. ಕಣ್ಣೀರು ಹಾಕ್ತಾ ಇಪ್ಪ ಜನಕ್ಕೆ ತಕ್ಷಣ ಜಾಹೀರಾತು, ವಾರ್ತೆ ತೋರ್ಸದು ಬ್ಯಾಡ ಹೇಳಿ ಚಾನೆಲ್ಲಿನವು ಹಾಕಿದ್ದು. ಚೂರಿನ ಹತ್ರ ಮನುಷ್ಯ ಇಲ್ಲೆ, ಹಂಗಾರೆ ಯಾರೂ ಉಳದೇ ಇಲ್ಲೆ ಹೇಳಿ ಜನ ತೀರ್ಮಾನ ಮಾಡ್ದ.

ವಿಮಾನದ ಚೂರು ನೋಡಿ ಎಲ್ಲಾರೂ ಸತ್ತಿದ್ದ ಹೇಳಿ ತೀರ್ಮಾನ ಮಾಡದು — ಇದೇ ಮೋಸ ಆ ಕಥೆ ಒಳಗೂ ಆಗ್ತು. ಅದನ್ನ ಆಮೇಲೆ ಹೇಳ್ತಿ. ಅತ್ತೆ ಹಿಡ್ಕಂಡಿದ್ದು ಅದನ್ನೇಯ.

ಅದ್ಕೆ ಮೊದ್ಲು ಇನ್ನೊಂದು ದೂರು: ‘ಬರದವಕ್ಕೇ ಉತ್ರ ಗೊತ್ತಿತ್ತಿಲ್ಲೆ, ಸುಮ್ನೆ ಹಬ್ಬಸ್ಕಂಡು ಹೋದ.’ ಈ ದೂರಲ್ಲಿ ಹುರುಳಿದ್ದು. ಮೊದಲ ಕಂತಲ್ಲೇ ಡಾಕ್ಟ್ರು ಸಾಯವು ಹೇಳಿ ಮೊದಲು ಲೆಕ್ಕ ಇತ್ತಡ, ಆಮೇಲೆ ಬದಲಾಯಿಸಿದ್ದು. ಎಕೋ ಹೇಳ ಪಾತ್ರ ಮಾಡ್ತಿದ್ದ ನಟಂಗೆ ಹವಾಯಿಲಿ ಇಪ್ಪಲೆ ಮನಸಿಲ್ದೇ ಬಿಟ್ಟು ಹೊರಟ, ಮೂರನೇ ಸೀಸನಲ್ಲಿ ಹೊಗೆ ಭೂತದ ಕೈಲಿ ಅವನ್ನ ಕೊಲ್ಸಿದ. ವಾಲ್ಟ್ ಹೇಳ ಸಣ್ಣ ಮಾಣಿ ದೊಡ್ಡ ಗುಟ್ಟು ಹೊತ್ಕಂಡಂಗೆ ಕಾಣ್ತಿದ್ದ. ದ್ವೀಪದಲ್ಲಿ ಕಳೆದಿದ್ದು ವಾರದ ಲೆಕ್ಕ, ಮಾಣಿ ಬೆಳದಿದ್ದು ವರ್ಷದ ಲೆಕ್ಕ, ಗಂಟಲು ಒಡದು ಮೀಸೆ ಬಪ್ಪಂಗಾತು. ಅವನ ಕಥೆ ಅಲ್ಲಿಗೆ ಬದಿಗೆ ಹೋತು. ಹಿಮಕರಡಿಗೆ ಉತ್ರ ಕೊಟ್ಟಿದ್ದ, ಆ ಧರ್ಮದವು ಪ್ರಯೋಗಕ್ಕೆ ತಂದು ಪಂಜರದಲ್ಲಿ ಇಟ್ಟಿದ್ದು. ಕೊಟ್ಟಿದ್ವಿಲ್ಲೆ ಹೇಳವು ಆ ಕಂತಲ್ಲಿ ಒಲೆ ಮೇಲಿನ ಹಾಲು ನೋಡಲೆ ಎದ್ದು ಹೋಗಿದ್ದು ಇಕ್ಕು. ವಾಲ್ಟಿಗೆ ಮಾತ್ರ ಸಮಾ ಉತ್ರ ಇಲ್ಲೆ. ಅಷ್ಟು ಒಪ್ಪಿಕಳವು.

ಒಗಟು ಹೇಳಿರೆ ಹೇಳವನ ಮುಷ್ಟಿಲಿ ಉತ್ರ ಇರವು. ಸಣ್ಣಕ್ಕಿಪ್ಪಕಾರೆ ಅಡಕೆ ಸುಲಿಯ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಒಗಟು ಹೇಳವು ಇದ್ದಿದ್ದ. ಉತ್ರ ಗೊತ್ತಿಲ್ದೇ ಒಗಟು ಹಾಕದವಕ್ಕೆ ಎರಡನೇ ಸಲ ಯಾರೂ ಕಿವಿ ಕೊಡ್ತಿದ್ವಿಲ್ಲೆ. ಲಾಸ್ಟಿನವರ ಪುಣ್ಯ ಎಂತು ಹೇಳಿರೆ, 2007ರ ಮೇ ತಿಂಗಳಲ್ಲಿ ಅವು ಚಾನೆಲ್ಲಿನ ಸಂತಿಗೆ ಕೂತು ಮಾತಾಡಿ, ಇನ್ನು ಮೂರೇ ಸೀಸನ್ನು, 48 ಕಂತು, 2010ಕ್ಕೆ ಮುಗ್ಸದು ಹೇಳಿ ದಿನ ಗೊತ್ತು ಮಾಡ್ಕಂಡ. ರಾಶಿ ಜನ ನೋಡ್ತಾ ಇಪ್ಪ ಧಾರಾವಾಹಿಗೆ ಮೂರು ವರ್ಷ ಮೊದ್ಲೇ ಮುಹೂರ್ತ ಇಟ್ಟು ಮುಗ್ಸದು ಸಣ್ಣ ಧೈರ್ಯ ಅಲ್ಲ. ಆಮೇಲಿನ ಕಂತು ನೋಡಿರೆ ಗೊತ್ತಾಗ್ತು, ಕಥೆಗೆ ಕಾಲು ಬಂಜು.

ಇದನ್ನ ಯಂಗಳ ಕನ್ನಡದ ದಿನದ ಧಾರಾವಾಹಿ ಪಕ್ಕ ಇಟ್ಟು ನೋಡಿ. 1998ರಲ್ಲಿ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ ‘ಮಾಯಾಮೃಗ’ ಚಂದನದಲ್ಲಿ ಬತ್ತಿಪ್ಪಕಾರೆ ಅದ್ರಲ್ಲಿ ಗುಟ್ಟು, ಭೂತ ಎಂತ ಇಲ್ದೇ ಇದ್ರೂ, ನಾಳೆ ಆ ಕೂಸು ಎಂತ ಹೇಳಿಕ್ಕು ಹೇಳಿ ಹಾಲು ಹಾಕಲೆ ಹೋದಲ್ಲಿ ಚರ್ಚೆ ಆಗ್ತಿತ್ತು. ಈಗಿನ ಕೆಲವು ಧಾರಾವಾಹಿಲಿ ಅದೇ ಮುಖಕ್ಕೆ ಅವಳಿ ಬತ್ತು, ಸತ್ತವು ಬೇರೆ ನಟನ ಮುಖ ಹೊತ್ಕಂಡು ಬತ್ತ, ಎಲ್ಲಿಗೆ ಮುಗಿತು ಹೇಳದು ಟಿಆರ್‌ಪಿ ಕೈಲಿ. ಅಂಥದ್ಕೆ ಥಿಯರಿ ಕಟ್ಟದು ತೂತು ಕೊಡಪಾನಕ್ಕೆ ನೀರು ಹೊತ್ತಂಗೆ. ಉತ್ರವೇ ಇಲ್ಲೆ, ನಿಂಗ ಎಂತಕ್ಕೆ ಹುಡುಕ್ತಿ? ಅದೇ 2022ರ ‘ಕಾಂತಾರ’ ನೋಡಿ. ಕಡೀಗೆ ಶಿವ ಕಾಡೊಳಗೆ ಹೋಗಿ ಕಾಣೆ ಆಗ್ತ. ಸತ್ತನಾ, ದೈವದ ಸಂತಿಗೆ ಹೋದನಾ ಹೇಳಿ ಯಮ್ಮನೆಲಿ ವಾರಗಟ್ಲೆ ವಾದ. ಆದ್ರೆ ಅದು ಬರದವ ಯೋಚ್ನೆ ಮಾಡೇ ಬಿಟ್ಟ ಪ್ರಶ್ನೆ. ಕಥೆ ಶುರುವಿಗೆ ಅವನ ಅಪ್ಪನೂ ಹಂಗೇ ಕಾಣೆ ಆಗಿದ್ದ. ಉತ್ರ ಬಿಟ್ಟು ಹೋಪದೂ ಉತ್ರ ಇಲ್ದೇ ಇಪ್ಪದೂ ಒಂದೇ ಅಲ್ಲ.

ಕಾಂತಾರದ ವಾದಲ್ಲಿ ಅತ್ತೆ ಬಾಯಿ ಬಿಟ್ಟಿದ್ದಿಲ್ಲೆ. ‘ಕಾಣೆ ಆದ’ ಹೇಳದು ಅದ್ಕೆ ಬರೀ ಸಿನೆಮಾದ ಮಾತಲ್ಲ.

ಅತ್ತೆ ಮೈದುನ, ಹೇಳಿರೆ ಯಂಗೆ ಸಣ್ಣಮಾವ ಆಗವು, 1974ರಲ್ಲಿ, ಹತ್ತೊಂಬತ್ತನೇ ವರ್ಷಕ್ಕೆ, ಒಂದು ಬೆಳಗ್ಗೆ ಎಕ್ಕಂಬಿಲಿ ಹುಬ್ಬಳ್ಳಿ ಬಸ್ಸು ಹತ್ತಿ ಹೋದಂವ ತಿರುಗಿ ಬಂದಿದ್ನಿಲ್ಲೆ. ಜಗಳ ಇಲ್ಲೆ, ಕಾಗದ ಇಲ್ಲೆ. ಮದುವೆ ಆಗಿ ಬಂದ ಅತ್ತೆಗೆ ಅಂವ ತಮ್ಮನಂಗೆ ಇದ್ದಿದ್ದ. ಹಿಂದಿನ ರಾತ್ರಿ ತೆಳ್ಳೇವಿಗೆ ಅಕ್ಕಿ ನೆನೆ ಹಾಕಲೆ ಹೇಳಿದ್ನಡ. ಅಕ್ಕಿ ನೆನೆಸಲೆ ಹೇಳಿದವ ಓಡಿ ಹೋಪಲೆ ತಯಾರಾಗಿಪ್ಪಲೆ ಸಾಧ್ಯ ಇಲ್ಲೆ ಹೇಳದು ಅತ್ತೆಯ ಮೊದಲ ಥಿಯರಿ. ಆ ಹೊತ್ತಿಂದ ಇವತ್ತಿನ ತನಕ ಅದರ ಮಾತು ‘ಇಕ್ಕು’. ‘ಬೊಂಬಾಯಲ್ಲಿ ಇಕ್ಕು.’ ‘ಮದುವೆ ಆಗಿಕ್ಕು, ಮಕ್ಕ ದೊಡ್ಡಾಗಿಕ್ಕು.’ ಒಂದಿನವೂ ‘ಇದ್ದ’ ಹೇಳಿದ್ದಿಲ್ಲೆ, ‘ಇದ್ದಿದ್ದ’ವೂ ಹೇಳಿದ್ದಿಲ್ಲೆ.

‘ಅಡ’ ತಂದುಕೊಟ್ಟವು ಊರವು. ಹುಬ್ಬಳ್ಳಿ ಸ್ಟೇಷನಲ್ಲಿ ಕಂಡಿದ್ನಡ. ಕಾಶಿಲಿ ಸನ್ಯಾಸಿ ಆಜ್ನಡ. ಮಾಟುಂಗದ ಹೋಟ್ಲಲ್ಲಿ ಲೆಕ್ಕ ಬರೀತ್ನಡ. ಈ ಕಡೇದನ್ನ ನಂಬಿ ಮಾವ ಅಡಕೆ ಮಾರಿದ ದುಡ್ಡು ಕಟ್ಟಿಕಂಡು ಬೊಂಬಾಯಿಗೆ ಹೋಗಿ ಎಂಟು ದಿನ ಹೋಟ್ಲು ಹೋಟ್ಲು ತಿರುಗಿ ಬಂದಿದ್ದ. ಲೆಕ್ಕ ಬರಿತಿದ್ದವ ಅಂಕೋಲೆ ಬದಿಯ ಬೇರೆ ಯಾರೋ. ಸುದ್ದಿ ಹೇಳಿದವರ ಹತ್ರ ಮಾವ ಕೇಳಿದ್ರೆ, “ಆನು ಕಂಡಿದ್ದಿ ಹೇಳಿದ್ನಿಲ್ಲೆ, ಕಂಡಿದ್ವಡ ಹೇಳಿದ್ದು” ಹೇಳ್ದಡ. ‘ಅಡ’ ಹೇಳ ಅಕ್ಷರಕ್ಕೆ ಆ ಉಪಯೋಗವೂ ಇದ್ದು ನೋಡಿ.

ಹಿಂಗಿಪ್ಪ ಅತ್ತೆ ದ್ವೀಪದ ಕಥೆ ನೋಡ್ತಾ ಯಂಗಳ ಯಾರ ಥಿಯರಿಗೂ ಸೇರಿದ್ದಿಲ್ಲೆ. ಹೊಗೆ ಭೂತ ಎಂತು ಹೇಳಿ ಕೇಳಿದ್ದಿಲ್ಲೆ. ಅದು ಕೇಳ್ತಿದ್ದಿದ್ದು ಒಂದೇ: “ಇವರ ಮನೆಯವಕ್ಕೆ ಎಂತ ಹೇಳಿದ್ವೋ?” ಮಗಂಗೆ ಮೊದಮೊದ್ಲು ಇದು ತಮಾಷೆ. ನಾಲ್ಕನೇ ಸೀಸನಲ್ಲಿ ಅದ್ಕೆ ಉತ್ರ ಬಂತು. ಇಂಡೋನೇಷ್ಯ ಬದಿಯ ಸುಂಡಾ ಕಮರಿಲಿ, ಸಮುದ್ರದ ತಳದಲ್ಲಿ, ಓಷಿಯಾನಿಕ್ 815ರ ಚೂರು ಸಿಕ್ಕಿದ್ದು, ಒಳಗೆ ಹೆಣ ಇದ್ದು, ಯಾರೂ ಉಳದಿದ್ವಿಲ್ಲೆ ಹೇಳಿ ಲೋಕಕ್ಕೆಲ್ಲ ಸಾರಿದ್ದ. ಅದು ಸುಳ್ಳು ವಿಮಾನ. ದ್ವೀಪವನ್ನ ಯಾರೂ ಹುಡುಕದು ಬ್ಯಾಡ ಹೇಳಿ ದುಡ್ಡಿದ್ದವು ಬೇರೆ ಹೆಣ ತುಂಬಿ ಮುಳುಗ್ಸಿಟ್ಟಿದ್ದು. ಮನೆಯವು ಅತ್ತು, ಕ್ರಿಯೆ ಮಾಡಿ, ಬದುಕಿಕಂಡಿದ್ದ. ಅವತ್ತು ಅತ್ತೆ ಎದ್ದು ಅಡುಗೆಮನೆಗೆ ಹೋತು. ನೀರು ಕುಡದು ಬಂದು, “ಹೆಣ ತೋರ್ಸಿರೆ ಯಾರಾದ್ರೂ ನಂಬ್ತ. ಇವು ಹೆಣವನ್ನೇ ಸುಳ್ಳು ಮಾಡಿದ್ದ” ಹೇಳ್ಚು.

ಅತ್ತೆಗೆ ಆ ಕಥೆಲಿ ಒಬ್ಬಳೇ ನಾಯಕಿ, ಪೆನ್ನಿ. ಗುಂಡಿ ಒತ್ತ್ತಾ ಕೂತವ ಡೆಸ್ಮಂಡ್ ಹೇಳಿ, ದೋಣಿ ಸ್ಪರ್ಧೆಗೆ ಹೋಗಿ ಕಾಣೆ ಆದವ, ಅವನ ಕೂಸು. ಅದು ದ್ವೀಪಕ್ಕೆ ಬಂದದ್ದೇ ಅಲ್ಲ. ಎರಡನೇ ಸೀಸನಿನ ಕಡೇಲಿ, ಹಿಮ ಬಿದ್ದ ಎಲ್ಲೋ ಒಂದು ಕಡೆ ಇಬ್ರು ಯಂತ್ರದ ಮುಂದೆ ಕೂತಿದ್ದ. ಒಂದು ಸೂಚನೆ ಕಾಣ್ತು, ಪೆನ್ನಿಗೆ ಫೋನ್ ಮಾಡ್ತ. ಹೇಳಿರೆ ಮೂರು ವರ್ಷದಿಂದ ಅದು ಸಂಬಳ ಕೊಟ್ಟು ಜನ ಕೂರ್ಸಿ ಹುಡುಕ್ಸ್ತಾ ಇದ್ದಿತ್ತು. ನಾಲ್ಕನೇ ಸೀಸನಲ್ಲಿ ಡೆಸ್ಮಂಡ್ ಅದ್ಕೆ ಫೋನ್ ಮಾಡ ಕಂತು ಇದ್ದು. ಎಂಟು ವರ್ಷ ಹಿಂದೆ ನಂಬ್ರ ಕೇಳಿ ಇಸ್ಕಂಡು, ಕ್ರಿಸ್ಮಸ್ಸಿನ ಹಿಂದಿನ ದಿನ ಮಾಡ್ತಿ ಹೇಳಿದ್ದ. ಅದು ಅದೇ ನಂಬ್ರ ಇಟ್ಕಂಡು ಕಾಯ್ತಾ ಇರ್ತು. ಲಾಸ್ಟ್ ನೋಡಿದವರಲ್ಲಿ ತುಂಬ ಜನ ಅದೇ ಎಲ್ಲಕ್ಕಿಂತ ಚೊಲೊ ಕಂತು ಹೇಳ್ತ. ಅತ್ತೆಗೆ ಆ ಕಂತು ಎರಡು ಸಲ ಹಾಕಿದ್ದು ಮಗ. ಎರಡನೇ ಸಲ ಅರ್ಥ ಹೇಳದೂ ಬೇಕಾಗಿದ್ದಿಲ್ಲೆ.

“ಆ ಕೂಸು ಮಾಡಿದ್ದು ಸಮಾ” ಹೇಳ್ಚು ಅತ್ತೆ. “ಅದು ಇಕ್ಕು ಹೇಳಿಕಂಡು ಹುಡುಕ್ತು. ಇದ್ದ ಹೇಳಿ ಕುಣಿದಿದ್ದೂ ಇಲ್ಲೆ, ಸತ್ತ ಹೇಳಿ ಕೂತಿದ್ದೂ ಇಲ್ಲೆ.”

ಇಷ್ಟೆಲ್ಲ ಆನು ಬರೀತಾ ಇಪ್ಪದ್ಕೆ ಕಾರಣ ಇದ್ದು. ಮಾವ ತೀರಿಕಂಡ ಮೇಲೆ ಹಿಸ್ಸೆ ಆಗವು ಹೇಳಿ ಶುರುವಾಗಿದ್ದು ಇನ್ನೂ ಮುಗದ್ದಿಲ್ಲೆ. ಪಹಣಿಲಿ ಸಣ್ಣಮಾವನ ಹೆಸರು ಹಂಗೇ ಇದ್ದು. ಆ ಹೆಸರು ಇಪ್ಪ ತನಕ ಆ ಜಾಗ ಮಾರಲೆ ಬತ್ತಿಲ್ಲೆ, ಸಾಲಕ್ಕೆ ಹೋದ್ರೂ ರಗಳೆ. ಹುಬ್ಬಳ್ಳಿಲಿ ಇಪ್ಪ ಭಾವಂಗೆ, ಹೇಳಿರೆ ಇವರ ತಮ್ಮಂಗೆ, ಮನೆ ಕಟ್ಟಲೆ ದುಡ್ಡು ಬೇಕು, ಅವನ ಪಾಲು ಅಂವ ಕೇಳದ್ರಲ್ಲಿ ತಪ್ಪಿಲ್ಲೆ. ವಕೀಲ್ರು ದಾರಿ ಹೇಳಿದ್ದ. ಒಬ್ಬ ಬದುಕಿದ್ರೆ ಸುದ್ದಿ ತಿಳಿಯವಕ್ಕಾಗಿದ್ದವಕ್ಕೆ ಏಳು ವರ್ಷ ಅವನ ಸುದ್ದಿಯೇ ಇಲ್ದೇ ಹೋದ್ರೆ, ಬದುಕಿದ್ದ ಹೇಳವೇ ಅದನ್ನ ಸಾಧಿಸಿ ತೋರ್ಸವು ಹೇಳಿ 1872ರ ಸಾಕ್ಷ್ಯ ಕಾಯಿದೆಲೇ ಇತ್ತು. ಕಲಮು ಎಷ್ಟನೇದು ಹೇಳಿ ಕೇಳಿದ್ರೆ 108ನೇದು! ಇವು ಯನ್ನ ಮುಖ ನೋಡ್ದ, ಆನು ಇವರ ಮುಖ ನೋಡಿದ್ನಿಲ್ಲೆ.

ಕಾನೂನಿನ ಏಳು ವರ್ಷಕ್ಕೆ ಯನ್ನ ತಕರಾರಿಲ್ಲೆ. ಅದು ‘ಇಕ್ಕು’ವೇಯ. ಸತ್ತಿಕ್ಕು ಹೇಳಿ ತಿಳ್ಕಂಡು ಕೆಲಸ ಮುಂದುವರಿಸದು, ನಾಳೆ ಅಂವ ಬಂದು ಎದುರು ನಿಂತ್ರೆ ಆ ಊಹೆ ಬಿದ್ದೋಗ್ತು. ಸೋಲಲೆ ಜಾಗ ಇಟ್ಕಂಡ ಅಂದಾಜು. ಅಷ್ಟಾದ್ರೆ ಕೋರ್ಟಿಗೆ ಹೋಪನ, ಖರ್ಚು ಎಲ್ಲಾರೂ ಹಂಚ್ಕಂಬನ.

ಭಾವ ಕೇಳ್ತಾ ಇಪ್ಪದು ಅಷ್ಟೇ ಅಲ್ಲ. ಸಂತಿಗೆ ಪಲಾಶ ವಿಧಿಯೂ ಆಗ್ಲಿ ಹೇಳ್ತ. ಹನ್ನೆರಡು ವರ್ಷ ಸುದ್ದಿ ಇಲ್ದೇ ಹೋದವಕ್ಕೆ ಮುತ್ತುಗದ ಎಲೆಲಿ ಮನುಷ್ಯನ ಆಕಾರ ಮಾಡಿ, ಅದನ್ನೇ ಹೆಣ ಹೇಳಿ ತಿಳ್ಕಂಡು ಸುಟ್ಟು, ಕ್ರಿಯೆ ಮಾಡ ಶಾಸ್ತ್ರ. ಮನೆಲಿ ಒಂದರ ಮೇಲೊಂದು ತೊಂದ್ರೆ ಬಪ್ಪದು ಅದನ್ನ ಮಾಡ್ದೇ ಇದ್ದಿದ್ಕೇ ಹೇಳಿ ಅವಂಗೆ ಯಾರೋ ಹೇಳಿದ್ದ. ಹೇಳಿದ್ವಡ. ಶಾಸ್ತ್ರ ಸುಳ್ಳು ಹೇಳಿ ಆನು ಹೇಳ್ತ್ನಿಲ್ಲೆ. ಕಾದು ಕಾದು ಸಾಕಾದವಕ್ಕೆ, ಅಳಲೆ ಒಂದು ದಿನ ಬೇಕು ಹೇಳವಕ್ಕೆ, ಹಿರಿಯರು ಯೋಚ್ನೆ ಮಾಡಿ ಇಟ್ಟ ದಾರಿ ಅದು. ಲಾಸ್ಟಲ್ಲಿ ಡಾಕ್ಟ್ರಿನ ಅಪ್ಪಯ್ಯನ ಶವಪೆಟ್ಟಿಗೆ ದ್ವೀಪದಲ್ಲಿ ಸಿಕ್ತು, ತೆಗದು ನೋಡಿರೆ ಖಾಲಿ. ಅಂವ ಆ ಪೆಟ್ಟಿಗೆಯನ್ನ ಹೊಡದು ಹೊಡದು ಒಡಿತ. ಖಾಲಿ ಪೆಟ್ಟಿಗೆಯನ್ನೇ ಹೆಣ ಹೇಳಿ ಒಪ್ಪಿಕಂಬದು ಬ್ಯಾರೆಯವು ಮಾಡ್ಸ ಕೆಲಸ ಅಲ್ಲ, ಕಾದವ್ವೇ ಆ ಮಾತು ಹೇಳವು. ಇಲ್ಲಿ ಕಾದದ್ದು ಅತ್ತೆ. ಅದು ಇನ್ನೂ ಬ್ಯಾಡ ಹೇಳ್ತು.

“ವಯಸ್ಸಾದವು, ಭ್ರಮೆಲಿ ಇದ್ದ, ನಾವೇ ನಿರ್ಧಾರ ಮಾಡವು” ಹೇಳಿ ಭಾವ ಹೇಳದ್ಕೆ ಯನ್ನ ಉತ್ರ ಇದ್ದು. ಭ್ರಮೆಲಿ ಇಪ್ಪವು ‘ಇದ್ದ’ ಹೇಳ್ತ. ಅಂವಂಗೆ ಹೇಳಿ ಬಾಳೆ ಹಾಕ್ತ, ಹಾಸಿಗೆ ಹಾಸ್ತ. ಯಮ್ಮನೆ ಅತ್ತೆ ಅದ್ಯಾವ್ದೂ ಮಾಡಿದ್ದಿಲ್ಲೆ. ಐವತ್ತು ವರ್ಷದಲ್ಲಿ ಒಂದೇ ಒಂದು ಸಲವೂ ಅದರ ಬಾಯಲ್ಲಿ ಕ್ರಿಯಾಪದ ತಪ್ಪಿದ್ದಿಲ್ಲೆ. ಮಾಟುಂಗದ ಸುದ್ದಿ ಬಂದಾಗ ಮಾವ ‘ಇದ್ದ’ ಹೇಳಿ ಹೊರಟಿದ್ದ, ಅತ್ತೆ ‘ಇಕ್ಕು, ಹೋಗಿ ನೋಡ್ಕಂಡು ಬನ್ನಿ’ ಹೇಳಿ ಅವಲಕ್ಕಿ ಕಟ್ಟಿಕೊಟ್ಟಿತ್ತು. ಲಾಸ್ಟ್ ನೋಡಿ ಎಲ್ಲಾರೂ ಸತ್ತಿದ್ವಡ ಹೇಳ ಪೇಟೆ ಜನಕ್ಕಿಂತ ಅದರ ತಲೆ ಚೊಲೊ ಇದ್ದು.

ಹಂಗಾಗಿ ಯನ್ನ ಮಾತು ಇಷ್ಟು. ಕೋರ್ಟಿನ ಕಾಗದಕ್ಕೆ ಅತ್ತೆ ಸಹಿ ಬೇಕಾದ್ರೆ, ಅದ್ರಲ್ಲಿ ‘ಸತ್ತಿದ್ದ’ ಹೇಳಿ ಬರೆಸದು ಬ್ಯಾಡ, ‘ಏಳು ವರ್ಷಕ್ಕಿಂತ ಹೆಚ್ಚು ಸುದ್ದಿ ಇಲ್ಲೆ’ ಹೇಳಿ ಬರೆಸಿ. ಅದು ನಿಜವೂ ಹೌದು, ಅತ್ತೆಯೂ ಸಹಿ ಹಾಕ್ತು, ಕೇಳಿ ನೋಡಿದ್ದಿ. ಮುತ್ತುಗದ ಎಲೆ ಈಗ ಬ್ಯಾಡ. ಭಟ್ರಿಗೆ ಫೋನ್ ಮಾಡಿ ಈ ವರ್ಷ ಇಲ್ಲೆ ಹೇಳಿದ್ದಿ, ಅವು “ಅಡ್ಡಿಲ್ಲೆ ತಂಗಿ, ಅವಸರದ್ದಲ್ಲ ಅದು” ಹೇಳಿದ್ದ. ಭಾವಂಗೆ ಸಿಟ್ಟು ಬಂಜಡ. ಚೌತಿಗೆ ಮಕ್ಕಳನ್ನ ಕರ್ಕಂಡು ಬತ್ನಡ, ಆಗ ಕೂತು ಮಾತಾಡವು.